ಹೊಟ್ಟೆ ತುಂಬಿದ ಹುಳುಗಳು

ಅಂಟು ತಯಾರಿಸುವ ಆ ಕಾರ್ಖಾನೆಯ ಹಿಂಬದಿಯಲ್ಲಿ ಕೊಳಕು ನೀರಿನ ತೊಟ್ಟಿ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಹುಳದಪ್ಪ ಎಂದೇ ಕರೆಯುತ್ತಿದ್ದರು. ತೊಟ್ಟಿಯ ಕಂದು ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿದ್ದವು; ಅವನ ಬಾಯಲ್ಲಿ ಅವು ಹುಳುಗಳು. ಅಂಟಿನಿಂದ ಬಂದ ಫೀನಾಲ್ ಎಂಬ ವಿಷವನ್ನು ತಿಂದು ನೀರನ್ನು ಹಸನು ಮಾಡುವುದು ಅವುಗಳ ಕಸುಬು. ತಳದಿಂದ ಗಾಳಿ ಊದಿಸಿ ಅವನ್ನು ಬದುಕಿಸಿಕೊಳ್ಳುವುದು ಇವನ ಕಸುಬು. ಹೆಂಡತಿ ತೀರಿಕೊಂಡು, ಮಗಳು ಗಂಡನ ಮನೆ ಸೇರಿದ ಮೇಲೆ ಅವನ ಅಕ್ಕರೆಯೆಲ್ಲ ಆ ತೊಟ್ಟಿಯ ಪಾಲಾಗಿತ್ತು. "ಏನಣ್ಣ, ಮಕ್ಳು ಊಟ ಮಾಡಿದ್ವಾ?" ಎಂದು ಜೊತೆಯವರು ಕಿಚಾಯಿಸುತ್ತಿದ್ದರು.

ಆ ವಾರ ತೊಟ್ಟಿಯ ನೀರು ಮಂಕಾಗಿ, ಹುಳುಗಳು ಸೊರಗಿದಂತೆ ಕಂಡವು. ಅವು ಚುರುಕಾಗಲೆಂದು ಹಿಡಿಯಷ್ಟು ಹಾಕುವ ಸಕ್ಕರೆಯನ್ನು ಬಕೆಟ್‌ಗಟ್ಟಲೆ ಸುರಿದ. ನೊರೆ ಉಕ್ಕಿತು. ನೀರಿನ ಘಾಟು ಮಾತ್ರ ಇಳಿಯಲಿಲ್ಲ.

ನೀರು ಪರೀಕ್ಷಿಸಿದ ಲ್ಯಾಬಿನ ಮೇಡಂ ಹಣೆ ಚಚ್ಚಿಕೊಂಡರು. "ಸಿಹಿ ಸಿಕ್ಕಿದ್ರೆ ಅವು ವಿಷ ಯಾಕೆ ಮುಟ್ತಾವೆ? ಸಕ್ಕರೆ ನಿಲ್ಸಿ. ಅವಕ್ಕೆ ಹಸಿವಾಗೋವರೆಗೂ ಕಾಯ್ಬೇಕು."

ಅತಿಯಾದರೆ ಅಮೃತವೂ ವಿಷ ಎಂದು ಮಗಳಿಗೆ ಬುದ್ಧಿ ಹೇಳಿ ಬೆಳೆಸಿದವನೇ ಈ ಎಡವಟ್ಟು ಮಾಡಿದ್ದ.

ಕಾಯಲು ಜಾಗವೆಲ್ಲಿ? ತೊಟ್ಟಿಯ ನೀರು ಅಂಚಿಗೆ ಬಂದಿತ್ತು, ಕಾರ್ಖಾನೆಯಿಂದ ನೀರು ಬರುತ್ತಲೇ ಇತ್ತು. ಮೇಲ್ವಿಚಾರಕ ಓಡಿಬಂದ. "ನದಿ ಕಡೆ ಗೇಟ್ ತೆಗೀರಿ! ನದಿ ದೊಡ್ಡದು, ಎಲ್ಲಾ ಕರಗಿಹೋಗುತ್ತೆ. ಮಷಿನ್ ನಿಂತ್ರೆ ಇಬ್ಬರ ಕೆಲಸಾನೂ ಹೋಗುತ್ತೆ."

ಅದೇ ನದಿಯ ಕೆಳಗಡೆ ಮಗಳ ಮನೆ. ಅವನು ಗೇಟಿನ ಚಕ್ರದ ಮೇಲೆ ಒಂದು ಕೈ ಇಟ್ಟ. ಇನ್ನೊಂದು ಕೈಯಲ್ಲಿ ಫೋನು ತೆಗೆದ.

"ಮಗಳೇ, ಇವತ್ತು ನದಿ ನೀರು ತುಂಬ್ಕೋಬೇಡ. ಮಗೂಗಂತೂ ಮುಟ್ಟಿಸ್ಲೇಬೇಡ."

"ಸರಿ ಅಪ್ಪಾ. ಪಕ್ಕದ ಮನೆಯವ್ರಿಗೂ ಹೇಳ್ಲಾ? ಅವ್ರ ಮನೇಲೂ ಮಕ್ಳಿದಾವೆ."

ಪಕ್ಕದ ಮನೆಗೆ ಹೇಳಿದರೆ ಅದರಾಚೆಯ ಮನೆ? ಅದರಾಚೆಯ ಊರು? ನಾಚಿಕೆಯಿಂದ ಹಿಡಿಯಷ್ಟಾಗಿ, ಚಕ್ರದಿಂದ ಕೈ ತೆಗೆದ.

"ಬೇಡಮ್ಮ," ಎಂದ. "ತುಂಬ್ಕೋ. ದಿನಾ ತುಂಬೋ ಹಾಗೇ ತುಂಬ್ಕೋ."

ಫೋನು ಜೇಬಿಗಿಟ್ಟು, ಗೋಡೆಯ ಮೇಲಿದ್ದ ಕೆಂಪು ಗುಂಡಿ ಒತ್ತಿದ. ಕಾರ್ಖಾನೆಯ ಯಂತ್ರಗಳು ಒಂದೊಂದಾಗಿ ನಿಂತವು. ತೊಟ್ಟಿಗೆ ಗಾಳಿ ಊದುವ ಯಂತ್ರವೊಂದೇ ಗುರುಗುಟ್ಟುತ್ತಿತ್ತು. ಮೇಲ್ವಿಚಾರಕ ಬಾಯಿಗೆ ಬಂದಂತೆ ಬೈಯುತ್ತ ಸಾಹೇಬರ ಕೋಣೆಯ ಕಡೆ ಓಡಿದ. ಹುಳದಪ್ಪ ಸಕ್ಕರೆ ಮೂಟೆಯ ಬಾಯಿ ಬಿಗಿಯಾಗಿ ಕಟ್ಟಿ, ತೊಟ್ಟಿಯ ಕಟ್ಟೆಯ ಮೇಲೆ ಕುಳಿತ.

"ತಿನ್ರಪ್ಪಾ," ಎಂದ ಹುಳುಗಳಿಗೆ. "ಇನ್ಮೇಲೆ ನಿಮ್ಗೆ ಬೇರೇನೂ ಸಿಗಲ್ಲ. ನಂಗೂ ಸಿಗುತ್ತೋ ಇಲ್ವೋ."