ರೇಡಿಯೋ ಹೇಳುವವರೆಗೂ ಶುಂಠಿ ಕೀಳಲಿಲ್ಲ

ಹೋದ ವರ್ಷ ಶುಂಠಿ ಕೀಳುವ ಕಾಲದಲ್ಲಿ ನಡೆದದ್ದು. ಎಚ್.ಡಿ. ಕೋಟೆ ಕಡೆಯ ಒಂದು ಸಮುದಾಯ ರೇಡಿಯೋದಲ್ಲಿ ನಾನು ಉದ್ಘೋಷಕಿ. ಹೆಸರು ಶಾಹೀನಾ. ಕೇಳುಗರ ಬಾಯಲ್ಲಿ ಅದು ‘ಸಾಯಿನಮ್ಮ’ ಆಗಿ ಎಷ್ಟೋ ಕಾಲವಾಯಿತು. ತಿದ್ದುವುದನ್ನು ನಾನೂ ಬಿಟ್ಟಿದ್ದೇನೆ.

ಈ ಕೆಲಸದಲ್ಲಿ ಸಂಬಳ ಅಷ್ಟಕ್ಕಷ್ಟೆ, ಮರ್ಯಾದೆ ಮಾತ್ರ ಬೇಕಾದಷ್ಟು. ಅಂತರಸಂತೆಯ ಸಂತೆಯಲ್ಲಿ “ಬದನೆಕಾಯಿ ಹೇಗೆ?” ಎಂದು ಬಾಯಿ ತೆರೆದರೆ ಸಾಕು, ತಕ್ಕಡಿ ಅರ್ಧದಲ್ಲೇ ನಿಲ್ಲುತ್ತದೆ. “ಅಯ್ಯೋ, ರೇಡಿಯೋ ಸಾಯಿನಮ್ಮ ಅಲ್ವಾ ನೀವು! ದನಿ ಕೇಳಿ ಒಳ್ಳೆ ಎತ್ತರದೋರು ಅನ್ಕಂಡಿದ್ದೆ ಕಣ್ರೀ” ಎನ್ನುತ್ತಾರೆ. ನಾನು ಅವರ ಬುಟ್ಟಿಗಿಂತ ಸ್ವಲ್ಪ ಎತ್ತರ, ಅಷ್ಟೆ. ಬೇಡ ಬೇಡ ಅಂದರೂ ನಾಲ್ಕು ಕಾಯಿ ಹೆಚ್ಚಿಗೆ ಬೀಳುತ್ತವೆ. ಬೇಡ ಅನ್ನುವಾಗ ನಾನು ಚೀಲದ ಬಾಯಿ ಮುಚ್ಚಿರುವುದಿಲ್ಲ ಎನ್ನುವುದೂ ನಿಜವೇ.

ಬೆಳಿಗ್ಗೆ ಏಳಕ್ಕೆ ಮಾರುಕಟ್ಟೆ ದರ ಓದುವುದು ನನ್ನ ಕೆಲಸ. ಮಧ್ಯಾಹ್ನ ಹೆಂಗಸರ ಹರಟೆಯ ಕಾರ್ಯಕ್ರಮ. ಸೊಪ್ಪಿನ ಸಾರು, ಸೋಬಾನೆ ಪದ, ಅತ್ತೆ ಸೊಸೆಯ ಮುನಿಸು ಎಲ್ಲವೂ ಅದರಲ್ಲಿ ಬರುತ್ತಿತ್ತು. ಅದನ್ನು ಶುರು ಮಾಡಿದವಳೇ ನಾನು. ಹೆತ್ತ ಕೂಸಿನಷ್ಟು ಪ್ರೀತಿ ಅದರ ಮೇಲೆ. ಆದರೆ ಅದಕ್ಕೆ ಒಂದು ಜಾಹೀರಾತೂ ಇರಲಿಲ್ಲ. “ಪ್ರಾಯೋಜಕರು ಸಿಗದಿದ್ದರೆ ಈ ತಿಂಗಳ ಕೊನೆಗೆ ನಿಲ್ಲಿಸಬೇಕಾಗುತ್ತೆ ಶಾಹೀನಾ, ನನ್ನ ಕೈಲಿ ಏನೂ ಇಲ್ಲ” ಎಂದು ನಮ್ಮ ಮ್ಯಾನೇಜರ್ ಸುಮತಿ ಮೇಡಂ ಹೇಳಿಬಿಟ್ಟಿದ್ದರು. ಕೋಟೆಯಿಂದ ಹುಣಸೂರಿನವರೆಗೆ ಅಂಗಡಿ ಅಂಗಡಿ ಸುತ್ತಿದೆ. ಎಲ್ಲರೂ ಟೀ ಕೊಟ್ಟರು, ಜಾಹೀರಾತು ಯಾರೂ ಕೊಡಲಿಲ್ಲ.

ಅಂಥ ದಿನಗಳಲ್ಲಿ ಒಂದು ಸಂಜೆ ಶುಂಠಿ ವ್ಯಾಪಾರಿ ರಾಜಣ್ಣ ನಿಲಯಕ್ಕೆ ಬಂದರು. ಊರೂರಿಗೆ ಟೆಂಪೋ ಕಳಿಸಿ ಹೊಲದಲ್ಲೇ ಶುಂಠಿ ಕೊಳ್ಳುವ ದೊಡ್ಡ ಕುಳ. ನಗುಮುಖದ ಮನುಷ್ಯ. ಕುಳಿತವರೇ, “ನಿಮ್ಮ ಮಧ್ಯಾಹ್ನದ ಕಾರ್ಯಕ್ರಮಕ್ಕೆ ಒಂದು ವರ್ಷ ನಾನೇ ಪ್ರಾಯೋಜಕ ಆಗ್ತೀನಿ ಮೇಡಂ” ಎಂದರು. ಎದ್ದು ಕುಣಿಯುವುದೊಂದು ಬಾಕಿ ನನಗೆ.

“ಒಂದು ಸಣ್ಣ ಉಪಕಾರ ಆಗ್ಬೇಕಲ್ಲ” ಎಂದು ಕುರ್ಚಿ ಮುಂದಕ್ಕೆ ಎಳೆದುಕೊಂಡರು. “ನಾಳೆ ಶುಂಠಿ ರೇಟು ಏರ್ತದೆ. ಸುಳ್ಳು ಹೇಳಿ ಅಂತ ನಾನು ಕೇಳ್ತಿಲ್ಲ. ದರ ಇನ್ನೂ ಬಂದಿಲ್ಲ ಅನ್ನಿ, ಅಷ್ಟೇ. ಒಂದೇ ಒಂದಿನ. ನಮ್ ಹುಡುಗ್ರು ಹಳೇ ರೇಟಲ್ಲಿ ನಾಲ್ಕು ಲೋಡ್ ಎತ್ಕೋತಾರೆ.”

ಆಗಲೇ ‘ಎದ್ದು ಹೋಗಿ’ ಎಂದಿದ್ದರೆ ನಾನು ದೊಡ್ಡ ಮನುಷ್ಯಳು ಎನಿಸಿಕೊಳ್ಳುತ್ತಿದ್ದೆ. “ನೋಡೋಣ ಅಣ್ಣಾ” ಎಂದೆ. ಕಾರ್ಯಕ್ರಮ ಉಳಿಯುವ ಆಸೆ ಹಾಗೆ ಹೇಳಿಸಿತು.

ಮನೆಗೆ ಬಂದು ಅಬ್ಬಾಗೆ ಹೇಳಿದೆ. ಅವರು ದರ್ಜಿ. ಹೊಲಿಗೆ ಯಂತ್ರ ನಿಲ್ಲಿಸದೆಯೇ, “ಗಿರಾಕಿ ಬಟ್ಟೇಲಿ ಒಂದು ಗೇಣು ಕದ್ದರೆ ಅವನಿಗೆ ಗೊತ್ತಾಗಲ್ಲಮ್ಮ, ಅಂಗಿ ಮಾತ್ರ ಬಿಗಿ ಆಗ್ತದೆ. ಬಿಗಿ ಯಾಕಾಯ್ತು ಅಂತ ಹೊಲಿದೋನಿಗೆ ಗೊತ್ತಿರ್ತದೆ” ಎಂದರು. ನನಗೆ ಸಿಟ್ಟು ಬಂತು. “ನಿಮಗೇನು, ನಿಮ್ಮ ಅಂಗಡಿ ಯಾರೂ ಮುಚ್ಚಿಸ್ತಿಲ್ಲ” ಎಂದು ಉಣ್ಣಲು ಕುಳಿತೆ.

ಬೆಳಿಗ್ಗೆ ಮಾರುಕಟ್ಟೆಯಿಂದ ದರ ಬಂತು. ರಾಜಣ್ಣ ಹೇಳಿದಂತೆಯೇ ಚೆನ್ನಾಗಿ ಏರಿತ್ತು. ಸ್ಟುಡಿಯೋದಲ್ಲಿ ಹಾಡು ಓಡುತ್ತಿತ್ತು. ಅದು ಮುಗಿದರೆ ನನ್ನ ಸರದಿ. ಓದಲೋ ಬಿಡಲೋ ಎಂದು ಚೀಟಿ ಹಿಡಿದು ಕುಳಿತಿದ್ದಾಗ ಫೋನ್ ಹೊಡೆದುಕೊಂಡಿತು. ಎನ್. ಬೇಗೂರಿನ ಚಿಕ್ಕತಾಯಮ್ಮ, ನನ್ನ ಮಧ್ಯಾಹ್ನದ ಹರಟೆಗೆ ತಪ್ಪದೆ ಫೋನ್ ಮಾಡುವವರು. ಅವರ ಹೊಲದಲ್ಲಿ ಫೋನ್ ಸಿಗುವುದಿಲ್ಲ, ದಿಣ್ಣೆ ಹತ್ತಬೇಕು. ಏದುಸಿರು ಬಿಡುತ್ತಿದ್ದರು.

“ಸಾಯಿನಾ, ಬಿರ್ರನೆ ರೇಟ್ ಏಳವ್ವ! ಶುಂಠಿ ಕೀಳಕ್ಕೆ ಆಳ್ಗೋಳು ಬಂದು ಗುದ್ದಲಿ ಇಡ್ಕಂಡು ಬದಿನ್ ಮ್ಯಾಲೆ ಕುಂತವ್ರೆ. ಯಾಪಾರದೋರು ಟೆಂಪೋ ತಂದು ನಿಲ್ಸವ್ರೆ. ನೆನ್ನೆ ರೇಟ್ಗೇ ಕೊಟ್ಬುಡು ಅಂತಾವ್ರೆ. ನಮ್ ರೇಡಿಯೋ ಏಳೋಗಂಟ ಒಂದು ಗೆಡ್ಡೆನೂ ಕೀಳಂಗಿಲ್ಲ ಅಂದಿವ್ನಿ. ಆಳ್ಗೋಳು ನನ್ನ ಬೈತಾವ್ರೆ ಕಣವ್ವ!”

“ನೀವೊಬ್ರೇನಾ ಅಮ್ಮ ಕಾಯ್ತಿರೋದು?” ಎಂದೆ.

“ಒಬ್ಳೇ ಎಲ್ಲಿ ಬಂತು? ನಮ್ ಕಡೆ ಎಲ್ರೂ ಅಂಗೇಯ. ನೀನ್ ಬಾಯ್ ಬುಡೋಗಂಟ ಯಾರೂ ಗುದ್ದಲಿ ಆಕಲ್ಲ. ಗೊತ್ತಿಲ್ವಾ ನಿಂಗೆ?”

ಗೊತ್ತಿರಲಿಲ್ಲ. ನಾನು ಓದಿದ ದರವನ್ನು ಕೇಳಿ ಜನ ‘ಓಹೋ’ ಅಂದು ಸುಮ್ಮನಾಗುತ್ತಾರೆ ಎಂದೇ ತಿಳಿದಿದ್ದೆ. ಹೊಲಗಳಲ್ಲಿ ನನಗಾಗಿ ಕೆಲಸವೇ ನಿಲ್ಲುತ್ತದೆ ಎಂದು ಕೇಳಿ ಹೆಮ್ಮೆಯ ಜೊತೆಗೆ ಹೆದರಿಕೆಯೂ ಆಯಿತು. ಹಾಡು ಮುಗಿಯಿತು. ಮೈಕ್ ತೆರೆದು ಶುಂಠಿ ದರ ಓದಿದೆ. ಮತ್ತೊಮ್ಮೆ ಓದಿದೆ. ದಿಣ್ಣೆಯಿಂದ ಚಿಕ್ಕತಾಯಮ್ಮ ಇನ್ನೂ ಇಳಿದಿರಲಿಕ್ಕಿಲ್ಲ ಎನಿಸಿ ಮೂರನೆಯ ಸಲವೂ ಓದಿದೆ. ಗಾಜಿನ ಆಚೆಯಿಂದ ಸುಮತಿ ಮೇಡಂ ‘ಸಾಕು ಮಾರಾಯ್ತಿ’ ಎನ್ನುವಂತೆ ಕೈ ಮುಗಿದರು.

ಆಮೇಲೆ ಅವರಿಗೆ ಎಲ್ಲವನ್ನೂ ಹೇಳಿದೆ. ಬೆನ್ನು ತಟ್ಟಿದರು. ಕಾರ್ಯಕ್ರಮ ಉಳಿಯುತ್ತದೆ ಎಂದು ಮಾತ್ರ ಹೇಳಲಿಲ್ಲ. ಮಧ್ಯಾಹ್ನ ಹರಟೆಗೆ ಕೂರುವ ಮುಂಚೆ ತಿಂಗಳು ಮುಗಿಯಲು ಎಷ್ಟು ದಿನ ಉಳಿದಿದೆ ಎಂದು ಕ್ಯಾಲೆಂಡರಿನಲ್ಲಿ ಎಣಿಸಿದೆ.

ವಾರ ಕಳೆದ ಮೇಲೆ ರಾಜಣ್ಣ ಮತ್ತೆ ಬಂದರು. ನಾನು ಬೈಸಿಕೊಳ್ಳಲು ಸಿದ್ಧಳಾಗಿಯೇ ಕುಳಿತೆ.

“ಓದಿದ್ದು ಓದಿದ್ರಿ, ಮೂರು ಸಲ ಓದ್ಬೇಕಿತ್ತಾ ಮೇಡಂ?” ಎಂದರು. ಅವರೇ ನಕ್ಕುಬಿಟ್ಟರು. “ಅವತ್ತು ಮೂರು ಊರಲ್ಲಿ ನನ್ ಟೆಂಪೋ ನಿಂತಿದ್ವು. ನಮ್ ಹುಡುಗ್ರು ಗಂಟಲು ಹರ್ಕೊಂಡ್ರೂ ಒಬ್ರೂ ಕೀಳ್ಲಿಲ್ಲ, ರೇಡಿಯೋ ಹೇಳ್ಲಿ ಅಂದ್ರು. ಹೊಸ ರೇಟಿಗೇ ಕೊಂಡ್ಕೊಂಡು ಬಂದೆ ಬುಡಿ. ಜನ ಇಷ್ಟು ನಂಬೋ ಕಡೆ ಜಾಹೀರಾತು ಹಾಕ್ದೆ ಇನ್ನೆಲ್ಲಿ ಹಾಕ್ಲಿ ನಾನು?”

ಆ ನಂಬಿಕೆಯನ್ನು ಕೆಡಿಸಲು ಬಂದಿದ್ದವರೂ ಇವರೇ. ಅದನ್ನು ಬಾಯಿಬಿಟ್ಟು ಹೇಳಿಯೇಬಿಟ್ಟೆ. “ವ್ಯಾಪಾರ ಅಲ್ವಾ ಮೇಡಂ, ಒಂದು ಕೈ ನೋಡಿದೆ” ಎಂದರು, ಒಂದಿಷ್ಟೂ ನಾಚದೆ. ದರ ಓದುವ ವಿಷಯಕ್ಕೆ ತಲೆ ಹಾಕಬಾರದೆಂದು ಸುಮತಿ ಮೇಡಂ ಖಡಾಖಂಡಿತವಾಗಿ ಹೇಳಿ, ಜಾಹೀರಾತು ಒಪ್ಪಿಕೊಂಡರು. ಕಾರ್ಯಕ್ರಮ ಉಳಿಯಿತು. ಅಬ್ಬಾಗೆ ಸಿಹಿ ಒಯ್ದೆ. ಅವರು ಬಿಗಿ ಅಂಗಿಯ ಮಾತು ಎತ್ತದೆ ತಿಂದರು, ಅದೇ ನನ್ನ ಪುಣ್ಯ.

ಈಗ ಮಧ್ಯಾಹ್ನ ರಾಜಣ್ಣನ ಜಾಹೀರಾತು ಓದುತ್ತೇನೆ, ಬೆಳಿಗ್ಗೆ ಶುಂಠಿ ದರ ಓದುತ್ತೇನೆ. ಮೊನ್ನೆ ಚಿಕ್ಕತಾಯಮ್ಮ ಫೋನಿನಲ್ಲಿ, “ಆ ರಾಜಣ್ಣುನ್ ಜಾಯಿರಾತ್ನ ನೀನು ಎಷ್ಟು ಚೆಂದಾಗಿ ಓದುದ್ರೂ ನಾವು ಕೇಳಿ ನಗಾಡ್ತೀವಿ ಕಣವ್ವ. ರೇಟ್ ಓದುವಾಗ ಮಾತ್ರ ಮಕ್ಳುನ್ನೂ ಸುಮ್ಕಿರ್ಸಿ ಕೇಳ್ತೀವಿ” ಎಂದರು. ಇಷ್ಟು ವರ್ಷದಲ್ಲಿ ನನ್ನ ದನಿಯನ್ನು ಹೊಗಳಿದವರು ಬಹಳ ಮಂದಿ. ಆದರೆ ಆ ಮಾತು ಕೇಳಿದ ದಿನ ನಾನು ಬಸ್ ಸ್ಟ್ಯಾಂಡಿನವರೆಗೂ ಒಬ್ಬಳೇ ನಗುತ್ತಾ ನಡೆದೆ.