ಸಕ್ಕರೆ ಅಕ್ಕನ ಕೈ

ನಮ್ಮ ಪ್ರಯೋಗಾಲಯದಲ್ಲಿ ಅವರನ್ನು ಎಲ್ಲರೂ ಸಕ್ಕರೆ ಅಕ್ಕ ಎಂದೇ ಕರೆಯುತ್ತಾರೆ. ಮಾತು ಸಿಹಿ ಅಂತಲ್ಲ. ಮಾತಿನ ಲೆಕ್ಕದಲ್ಲಿ ಮೆಣಸಿನಕಾಯಿ ಅಕ್ಕ ಅನ್ನಬೇಕಿತ್ತು. ದಿನವಿಡೀ ಕೋಶಗಳಿಗೆ ಸಕ್ಕರೆ ನೀರು ಕುಡಿಸುವುದು ಅವರ ಕೆಲಸ, ಅದಕ್ಕೇ ಆ ಹೆಸರು. ನಾನು ಅದೇ ಕೋಣೆಯ ಮೂಲೆಯ ತೊಟ್ಟಿಯಲ್ಲಿ ಗಾಜು ತೊಳೆಯುವವನು. ಇಪ್ಪತ್ತೆರಡು ವರ್ಷ ಅವರಿಂದ ಬೈಸಿಕೊಂಡು ಬದುಕಿದ್ದೇನೆ. ಅವರ ಬಗ್ಗೆ ಬರೆಯಲು ನನಗಿಂತ ಹೆಚ್ಚಿನ ಅರ್ಹತೆ ಯಾರಿಗಿದೆ?

ಜಠರದ ಹಿಂದೆ ಮೇದೋಜೀರಕ ಗ್ರಂಥಿ ಅಂತ ಒಂದಿದೆ. ಅದರಲ್ಲಿ ಅಲ್ಲಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳ ಪುಟ್ಟ ಗುಂಪುಗಳಿವೆ, ಒಂದೊಂದೂ ಮರಳಿನ ಕಾಳಿನಷ್ಟು. ಸತ್ತವರು ದಾನ ಮಾಡಿದ ಗ್ರಂಥಿಯಿಂದ ಬೇರ್ಪಡಿಸಿದ ಆ ಗುಂಪುಗಳು ರಾಡಿಯ ಜೊತೆ ಬೆರೆತು ನಮ್ಮಲ್ಲಿಗೆ ಬರುತ್ತವೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದೊಂದಾಗಿ ಪಿಪೆಟ್ಟಿನಲ್ಲಿ ಹೆಕ್ಕಬೇಕು. ಅಕ್ಕ ಹೆಕ್ಕಿದರೆ ಒಂದು ಚೂರು ಕಸ ಇರುವುದಿಲ್ಲ. ಹೊಸಬರು ಹೆಕ್ಕಿದ್ದನ್ನು ನೋಡಿ, "ಇದು ಕೋಶಾನಾ? ಕೊಬ್ಬು! ಕಣ್ಣು ಮನೇಲಿಟ್ಟು ಬಂದ್ಯಾ?" ಎಂದು ಶುರು ಮಾಡಿದರೆ ಸಂಜೆಯವರೆಗೂ ನಿಲ್ಲಿಸುವುದಿಲ್ಲ.

ಇನ್ಸುಲಿನ್ ಈ ಕೋಶಗಳೊಳಗೆ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿರುತ್ತದೆ. ಸಕ್ಕರೆ ಏರಿತು ಅಂದರೆ ಚೀಲಗಳು ಕೋಶದ ಅಂಚಿಗೆ ಬಂದು ಬಾಯಿ ಬಿಚ್ಚಿ ಹೊರಗೆ ಸುರಿಯುತ್ತವೆ. ಇಷ್ಟು ನನಗೂ ಗೊತ್ತು. ಅವೇ ಕೋಶಗಳು ಗಾಬಾ ಎಂಬ ಇನ್ನೊಂದು ರಾಸಾಯನಿಕ ಸಂಕೇತವನ್ನೂ ಹೊರಬಿಡುತ್ತವೆ, ಅಕ್ಕಪಕ್ಕದವರಿಗೆ ಸ್ವಲ್ಪ ತಾಳಿ ಎಂದು ಹೇಳುವ ಹಾಗೆ. ಅದೂ ಸಕ್ಕರೆಗಾಗಿ ಕಾದು, ಚೀಲದಿಂದಲೇ ಬರಬೇಕು ಎಂಬುದು ನಮ್ಮ ಪ್ರೊಫೆಸರರ ಸಿದ್ಧಾಂತ. ಅಕ್ಕನ ದಾಖಲೆಯಲ್ಲಿ ಮಾತ್ರ, ಸಕ್ಕರೆ ಕೊಡಲಿ ಬಿಡಲಿ, ಆರಾರು ನಿಮಿಷಕ್ಕೊಮ್ಮೆ ಗಾಬಾದ ಅಲೆ ಏಳುತ್ತಿತ್ತು.

ಪ್ರೊಫೆಸರರು ಮೊದಲು ಕೋಶಗಳ ಮೇಲೆ ನಳಿಕೆಯಿಂದ ನೀರು ಹರಿಸುವ ಪಂಪನ್ನು ದೂರಿದರು. ಹೊಸ ಪಂಪ್ ಬಂತು, ಅಲೆ ಹೋಗಲಿಲ್ಲ. ಆಮೇಲೆ ನಾನು ತೊಳೆದ ಗಾಜಿನಲ್ಲಿ ಸೋಪು ಉಳಿದಿದೆ ಎಂದರು. ನನಗೆ ಮೈಯೆಲ್ಲ ಉರಿಯಿತು. ಒಂದು ವಾರ ಪ್ರತಿ ಬಟ್ಟಲನ್ನೂ ಏಳು ಸಲ ತೊಳೆದೆ. ಅಲೆ ಅಲ್ಲೇ ಇತ್ತು. ಕೊನೆಗೆ ದೂರಲು ಅಕ್ಕ ಒಬ್ಬರೇ ಉಳಿದರು.

"ಬೇಜಾರು ಮಾಡ್ಕೋಬೇಡಿ ಅಕ್ಕ," ಎಂದರು ಪ್ರೊಫೆಸರ್. "ನಿಮಗೂ ಐವತ್ತೆಂಟಾಯ್ತು. ಕೈ ನಡುಗ್ತಿದೆ. ನಳಿಕೆ ಮುಟ್ಟಿದಾಗೆಲ್ಲ ಅದೇ ದಾಖಲಾಗ್ತಿದೆ. ಮುಂದಿನ ತಿಂಗಳಿಂದ ಸ್ಟೋರ್ ನೋಡ್ಕೊಳ್ಳಿ."

ಮಧ್ಯಾಹ್ನ ಅಕ್ಕ ತೊಟ್ಟಿಯ ಹತ್ತಿರ ಬಂದು ಎರಡೂ ಕೈ ಚಾಚಿದರು.

"ನೋಡೋ, ನಡುಗುತ್ತಾ?"

"ಇಲ್ಲಕ್ಕ."

"ಸರಿಯಾಗಿ ನೋಡು. ಮೊನ್ನೆ ಸೂಜಿಗೆ ದಾರ ಪೋಣಿಸ್ತಿದ್ದೆ, ಮೊಮ್ಮಗಳು ಕಿತ್ಕೊಂಡ್ಲು, ಕೊಡಜ್ಜಿ ನಿನ್ ಕೈಲಾಗಲ್ಲ ಅಂತ."

ಎಡಗೈ ಕಿರುಬೆರಳು ಒಂಚೂರು ಅಲುಗಿದಂತೆ ಕಂಡಿತು. ಇಲ್ಲವೇ ಇಲ್ಲ ಎಂದು ಸುಳ್ಳು ಹೇಳಿದೆ. ಸ್ಟೋರಿಗೆ ಹೋಗುವುದಕ್ಕಲ್ಲ, ಮೂವತ್ತು ವರ್ಷ ನಂಬಿದ ಕೈ ತನಗೇ ಮೋಸ ಮಾಡಿತೇನೋ ಎಂದು ಅವರಿಗೆ ಅಂಜಿಕೆ.

ಮರುದಿನ ಅವರೇ ಪ್ರೊಫೆಸರರ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದರು: "ಸರ್, ನಾಳೆ ಹತ್ತಕ್ಕೆ ಬನ್ನಿ. ಪಂಪೂ ಇರಲ್ಲ, ನಳಿಕೇನೂ ಇರಲ್ಲ, ನನ್ ಕೈನೂ ಇರಲ್ಲ. ಅಲೆ ನಿಂತ್ಹೋದ್ರೆ ಸ್ಟೋರಿನ ಬೀಗದಕೈ ನಾನೇ ಬಂದು ಇಸ್ಕೋತೀನಿ."

ಏರ್ಪಾಡು ಸರಳ. ನಿಂತ ನೀರಿನ ಬಟ್ಟಲಿನಲ್ಲಿ ಬೇಹುಗಾರ ಕೋಶಗಳು. ಗಾಬಾ ತಗುಲಿದರೆ ಅವು ಸೂಕ್ಷ್ಮದರ್ಶಕದ ಪರದೆಯ ಮೇಲೆ ಹಸಿರಾಗಿ ಬೆಳಗುತ್ತವೆ, ಇಲ್ಲದಿದ್ದರೆ ಕತ್ತಲೆ.

ಹತ್ತಕ್ಕೆ ಪ್ರೊಫೆಸರ್ ಬಂದು ಕುರ್ಚಿ ಎಳೆದುಕೊಂಡರು. ಅಕ್ಕ ನನಗೆ ಫ್ಯಾನ್ ಆರಿಸಲು ಹೇಳಿದರು, ಬಟ್ಟಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು, ಗಂಟೆ ಬಾರಿಸುವ ಗಡಿಯಾರ ತಿರುಗಿಸಿದರು, ಎರಡೂ ಕೈಗಳನ್ನು ಏಪ್ರನ್ನಿನ ಜೇಬಿಗೆ ತುರುಕಿದರು.

"ಸರ್, ಕಾಲು."

"ಏನಾಯ್ತು ಕಾಲಿಗೆ?"

"ಅಲ್ಲಾಡಿಸ್ತಿದ್ದೀರಿ. ಮೇಜು ಅಲುಗುತ್ತೆ. ಆಮೇಲೆ ನನ್ ಕೈ ಅಂತೀರಿ."

ಪ್ರೊಫೆಸರರ ಕಾಲಿನ ಬಗ್ಗೆ ಅದುವರೆಗೆ ಯಾರೂ ಚಕಾರ ಎತ್ತಿದವರಲ್ಲ. ಅವರು ಎರಡೂ ಮಂಡಿಗಳನ್ನು ಕೈಯಿಂದ ಒತ್ತಿ ಹಿಡಿದು ಕೂತರು.

ಆರು ನಿಮಿಷ ಕಳೆಯಿತು. ಪರದೆ ಕಪ್ಪಗೇ ಇತ್ತು. ಹನ್ನೆರಡಾಯಿತು, ಹದಿನೆಂಟಾಯಿತು, ಒಂದು ಮಿಣುಕೂ ಇಲ್ಲ. ಪ್ರೊಫೆಸರರ ಮುಖ ಅರಳುತ್ತಾ ಹೋಯಿತು. ಇಪ್ಪತ್ತನೆಯ ನಿಮಿಷಕ್ಕೆ ಗಂಟಲು ಸರಿಮಾಡಿಕೊಂಡು ಭಾಷಣ ಶುರು ಮಾಡಿದರು. ಅಕ್ಕನ ಸೇವೆ ಅಪಾರ, ಸಂಸ್ಥೆ ಮರೆಯುವುದಿಲ್ಲ, ಸ್ಟೋರಿನಲ್ಲಿ ದೊಡ್ಡ ಕಿಟಕಿ ಇದೆ, ಗಾಳಿ ಚೆನ್ನಾಗಿ ಬರುತ್ತದೆ, ಒಂದು ಸಣ್ಣ ಸನ್ಮಾನ ಇಟ್ಟುಕೊಳ್ಳೋಣ. ಬದುಕಿರುವವರಿಗೆ ಶ್ರದ್ಧಾಂಜಲಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಕ್ಕ ತಲೆ ಆಡಿಸುತ್ತಾ ಎಲ್ಲ ಕೇಳಿಸಿಕೊಂಡರು. ಅರ್ಧ ಗಂಟೆಗೆ ಗಡಿಯಾರ ಕಿರ್ರೆಂದಿತು.

"ಮುಗೀತಾ ಸರ್?"

"ಮುಗೀತು ಅಕ್ಕ."

"ಇದು ಖಾಲಿ ಬಟ್ಟಲು. ಬೇಹುಗಾರರು ಮಾತ್ರ ಇದಾರೆ, ಇನ್ಸುಲಿನ್ ಕೋಶ ಒಂದೂ ಇಲ್ಲ. ಇವು ಸುಮ್‌ಸುಮ್ನೆ ಬೆಳಗಲ್ಲ ಅಂತ ಮೊದ್ಲು ನೋಡ್ಕೋಬೇಕಲ್ಲ. ಈಗ ಕೋಶ ಇರೋದನ್ನ ಇಡ್ತೀನಿ."

ಅಕ್ಕನ ಮೇಜಿನ ಮೇಲೆ ಯಾವಾಗಲೂ ಖಾಲಿ ಬಟ್ಟಲಿನದೇ ಮೊದಲ ಸರದಿ. ಇಪ್ಪತ್ತೆರಡು ವರ್ಷ ನೋಡಿದ ನಾನೇ ಗಾಬರಿಯಲ್ಲಿ ಮರೆತಿದ್ದೆ. ಹದಿನೈದು ವರ್ಷದಿಂದ ಆ ಮೇಜಿನ ಮುಂದೆ ಕೂರದ ಪ್ರೊಫೆಸರರಿಗೆ ಎಲ್ಲಿಂದ ಗೊತ್ತಾಗಬೇಕು?

"ಮೊದ್ಲೇ ಹೇಳ್ಬಾರ್ದಿತ್ತಾ?" ಎಂದರು ಕೆಂಪಗಾಗಿ.

"ನೀವು ಮಾತಾಡ್ತಿದ್ರಿ. ಅಡ್ಡ ಬಾಯಿ ಹಾಕೋದು ಚೆನ್ನಾಗಿರಲ್ಲ ಅಂತ ಸುಮ್ನಿದ್ದೆ."

ಎರಡನೆಯ ಬಟ್ಟಲು ಇಟ್ಟು ಅಕ್ಕ ಮತ್ತೆ ಕೈಗಳನ್ನು ಜೇಬಿಗೆ ಸೇರಿಸಿದರು. ನಾನು ಒಂದೇ ಲೋಟವನ್ನು ಮೂರು ಸಲ ಒರೆಸಿದೆ. ಐದನೆಯ ನಿಮಿಷ ದಾಟಿದ ಮೇಲೆ ಪರದೆಯ ನಡುವೆ, ಕೋಶಗಳ ಗುಂಪಿನ ಸುತ್ತ, ಹಸಿರು ಮೂಡಿ ಹರಡಿ ಮೆಲ್ಲಗೆ ಆರಿತು.

"ಒಂದ್ಸಲ ಆಕಸ್ಮಿಕ ಇರ್ಬಹುದು," ಎಂದರು ಪ್ರೊಫೆಸರ್.

ಆರು ನಿಮಿಷಕ್ಕೆ ಮತ್ತೆ ಬೆಳಗಿತು. ಮೂರನೆಯ ಸಲವೂ ಬೆಳಗಿತು. ನೀರು ಹರಿದಿರಲಿಲ್ಲ, ಸಕ್ಕರೆ ಬದಲಾಗಿರಲಿಲ್ಲ, ಯಾರೂ ಏನನ್ನೂ ಮುಟ್ಟಿರಲಿಲ್ಲ. ಪ್ರೊಫೆಸರ್ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಸಕ್ಕರೆಗೆ ಕಾಯ್ತಾನೇ ಇಲ್ಲ. ತಮ್ಮಷ್ಟಕ್ಕೆ ಬಿಡ್ತಿವೆ. ಹಾಗಾದ್ರೆ ಇದು ಚೀಲದಿಂದಲ್ಲ, ಕೋಶದ ಗೋಡೇಲೇ ಬೇರೆ ಬಾಗಿಲು ಇರ್ಬೇಕು..." ಕಾಲು ಜೋರಾಗಿ ಅಲ್ಲಾಡತೊಡಗಿತ್ತು. ಅಕ್ಕನಿಗೆ ಅದರ ಪರಿವೆಯೇ ಇರಲಿಲ್ಲ.

"ಸರ್," ಎಂದರು. "ನನ್ ಕೈಯಲ್ಲ ಅಂತ ಒಂದ್ಸಲ ಬಾಯ್ಬಿಟ್ಟು ಹೇಳ್ಬಿಡಿ."

ಪ್ರೊಫೆಸರ್ ಎದ್ದು ನಿಂತರು. "ನಿಮ್ಮ ಕೈಯಲ್ಲ ಅಕ್ಕ. ತಪ್ಪು ನಂದು. ಈ ಮೇಜು ಬಿಟ್ಟು ನೀವು ಎಲ್ಲೂ ಹೋಗ್ಬೇಡಿ."

ಅಕ್ಕ ಜೇಬಿನಿಂದ ಕೈ ತೆಗೆದು ಏಪ್ರನ್ನಿನ ಅಂಚಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿದರು. ತೊಟ್ಟಿಯ ಮುಂದೆ ನಾನೂ ಗಳಗಳನೆ ಅತ್ತುಬಿಟ್ಟೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಎರಡೇ ನಿಮಿಷ. ಅಕ್ಕ ಸರಸರನೆ ಬಂದು ನನ್ನ ಮುಂದಿದ್ದ ತೊಳೆದ ಬಟ್ಟಲುಗಳ ತಟ್ಟೆಯನ್ನು ಎಳೆದುಕೊಂಡರು.

"ಇದರೊಳಗೆ ಕಣ್ಣೀರು ಬಿದ್ರೆ ಎಲ್ಲಾ ಮತ್ತೆ ತೊಳೀಬೇಕು ಕಣೋ. ಅಳೋದಿದ್ರೆ ಆಚೆ ನಿಂತ್ಕೊಂಡು ಅಳು."