ಉಚ್ಚಂಗಮ್ಮನ ತುಟಿಗೆ ತಾಗಿದ ಮೀನು

ಮೀನು ಮಾರುವವಳು ಮೀನು ತಿನ್ನುವುದಿಲ್ಲ ಎಂದರೆ ಯಾರು ನಂಬುತ್ತಾರೆ? ನಾನೂ ನಂಬಿರಲಿಲ್ಲ. ಎದುರಿಗೇ ನಿಂತು ನಕ್ಕುಬಿಟ್ಟಿದ್ದೆ. ಆ ನಗುವಿಗೆ ಇವತ್ತಿಗೂ ನಾಚಿಕೆಯಾಗುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆ ಹೇಳಿ ಮುಗಿಸುತ್ತೇನೆ. ನಾನು ವಿಜಯೇಂದ್ರ, ಶಿವಮೊಗ್ಗದ ವಿದ್ಯಾನಗರದವನು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಮೀನು ಮಾರ್ಕೆಟ್ಟಿನ ಮುಂದೆ ಹಾದುಹೋಗಬೇಕಾಗಿ ಬಂದರೆ ಉಸಿರು ಬಿಗಿಹಿಡಿದು ಸ್ಕೂಟರಿನ ವೇಗ ಹೆಚ್ಚಿಸುತ್ತಿದ್ದ ಪ್ರಾಣಿ. ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಮ್ಯಾನೇಜರ್ ಎಂಬ ಹೆಸರಿಟ್ಟುಕೊಂಡ ಗುಮಾಸ್ತನಾಗಿದ್ದೆ. 1998ರ ಬೇಸಿಗೆಯಲ್ಲಿ ಅಲ್ಲಿಗೆ ಜಪಾನಿನಿಂದ ಒಂದು ಯಂತ್ರ ಬಂತು. ಅದನ್ನು ಕೂರಿಸಲು ಕಾವಾಬೆ ಎಂಬ ಎಂಜಿನಿಯರ್ ಬಂದ. ಅವನ ಜೊತೆ ಹೆಂಡತಿಯೂ ಮೂರು ವರ್ಷದ ಮಗಳು ಚಿಯೊ ಕೂಡ ಬಂದರು. ರವೀಂದ್ರನಗರದಲ್ಲಿ ಅವರಿಗೆ ಒಂದು ಬಾಡಿಗೆ ಮನೆ ಮಾಡಿಕೊಟ್ಟೆವು.

ಯಂತ್ರ ಕೂತಿತು, ಮಗು ಕೂರಲಿಲ್ಲ. ಬಂದ ದಿನದಿಂದ ಊಟ ಮುಟ್ಟಲಿಲ್ಲ. ನನ್ನ ಹೆಂಡತಿ ಸೌಂದರ್ಯ ಮೊಸರನ್ನ ಕಳಿಸಿದಳು, ಇಡ್ಲಿ ಕಳಿಸಿದಳು, ಎಲ್ಲ ಹಾಗೇ ವಾಪಸ್ಸು ಬಂತು. ಹನ್ನೆರಡು ದಿನ ಬಿಸ್ಕತ್ತು ಮತ್ತು ಹಾಲಿನಲ್ಲೇ ಕಳೆಯಿತು. ದುಂಡಗಿದ್ದ ಕೂಸಿನ ಕೈ ಕಡ್ಡಿಯಾಯಿತು. ಇನ್ನೆರಡು ದಿನ ನೋಡಿ, ಆಮೇಲೆ ಅಡ್ಮಿಟ್ ಮಾಡಿ ಸಲೈನ್ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ತಾಯಿ ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದಳು.

ಆಗ ಕಾವಾಬೆ ಒಂದು ಉಪಾಯ ಹೇಳಿದ. ಅವರ ಊರಿನಲ್ಲಿ ಸುಶಿ ಅಂತ ಮಾಡುತ್ತಾರಂತೆ. ಹುಳಿ ಬೆರೆಸಿದ ಅನ್ನದ ಸಣ್ಣ ಉಂಡೆ, ಅದರ ಮೇಲೆ ಹಸಿ ಮೀನಿನ ತೆಳು ಹೋಳು. ಮಗಳಿಗೆ ಅಲ್ಲಿ ಮೊಟ್ಟೆಯದೋ ಬೇಯಿಸಿದ ಸಿಗಡಿಯದೋ ಕೊಡುತ್ತಿದ್ದರಂತೆ, ಹಸಿಯದು ದೊಡ್ಡವರಿಗೆ. ಆದರೆ ಅವಳು ಯಾವಾಗಲೂ ಅಪ್ಪನ ತಟ್ಟೆಗೇ ಕೈ ಹಾಕುತ್ತಿದ್ದಳಂತೆ. ಈಗ ಅದನ್ನೇ ಕೊಟ್ಟರೆ ಬಾಯಿ ತೆರೆದಾಳು ಎಂಬುದು ಅವನ ಆಸೆ. ಹೆಂಡತಿಗೆ ಮನಸ್ಸಿರಲಿಲ್ಲ, ಆದರೆ ಬೇಡ ಎನ್ನುವ ಶಕ್ತಿಯೂ ಉಳಿದಿರಲಿಲ್ಲ. ಒಳ್ಳೆಯ ತಾಜಾ ಮೀನು ಬೇಕು ಎಂದ. ನಮ್ಮ ಧಣಿ ಯಜ್ಞನಾರಾಯಣರು ಜನಿವಾರದವರು. ಅವರು ನನ್ನ ಮುಖ ನೋಡಿದರು.

ಈಗ ನನ್ನ ದಡ್ಡತನ ನೋಡಿ. ಮಗುವಿಗೆ ಹಸಿ ಮೀನು ಕೊಡಬಹುದೇ, ಬಾರದೇ ಎಂಬ ಪ್ರಶ್ನೆಯೇ ನನ್ನ ತಲೆಗೆ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಮುಟ್ಟದವನಿಗೆ ಹಸಿಯದೇನು, ಬೇಯಿಸಿದ್ದೇನು! ಎರಡೂ ಒಂದೇ ವಾಸನೆ. ಅಂಗಡಿಯಿಂದ ಬಿಸ್ಕತ್ತು ತರುವ ಹಾಗೆ ಸ್ಕೂಟರ್ ಹತ್ತಿ ಭದ್ರಾವತಿಗೆ ಹೊರಟೆ.

ಅಲ್ಲಿನ ಮಾರ್ಕೆಟ್ಟಿನಲ್ಲಿ ಡ್ಯಾಮಿನ ಮೀನಿಗೆ ಉಚ್ಚಂಗಮ್ಮನೇ ಸೈ ಎಂದು ಯಾರೋ ಹೇಳಿದ್ದರು. ಐವತ್ತರ ಹತ್ತಿರದ ಹೆಂಗಸು. ಹಣೆಯಲ್ಲಿ ಕಾಸಗಲದ ಕುಂಕುಮ, ಐಸಿನ ಪೆಟ್ಟಿಗೆಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಳು. ಗಿರಾಕಿಗಳ ಜೊತೆ ಕನ್ನಡ, ತಮಿಳು, ತೆಲುಗು, ಯಾವುದು ಬೇಕೋ ಅದರಲ್ಲಿ ಜಗಳ. ತಕ್ಕಡಿ ಎತ್ತುವ ಮೊದಲು ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಹಾಕುತ್ತಿದ್ದಳು: ಮನೆಯಲ್ಲಿ ಮಗು ಇದೆಯಾ, ಎಷ್ಟು ವರ್ಷದ್ದು? ಉತ್ತರ ನೋಡಿಕೊಂಡು ಹೋಳು ಕತ್ತರಿಸುತ್ತಿದ್ದಳು. ಮುಳ್ಳು ಜಾಸ್ತಿಯಿರುವ ಬಾಲದ ಕಡೆಯದು ಮಗುವಿರುವ ಮನೆಗೆ ಹೋಗುವಂತಿಲ್ಲ. ಕೈಕೂಸಿನ ತಾಯಿಯೊಬ್ಬಳಿಗೆ, ಇದು ನಿನಗೆ, ಅದಕ್ಕೆ ಹಲ್ಲು ಬಂದಮೇಲೆ ಬಾ ಎಂದು ಗದರಿದಳು. ವ್ಯಾಪಾರ ಮಾಡುವ ಲಕ್ಷಣವೇ ಅಲ್ಲ ಇದು ಎಂದುಕೊಂಡೆ.

ನನ್ನ ಸರದಿ ಬಂತು. ಮೂರು ವರ್ಷದ ಮಗು, ಜಪಾನಿನದು, ಹಸಿಯಾಗಿಯೇ ತಿನ್ನುತ್ತದೆ ಎಂದೆ. ಉಚ್ಚಂಗಮ್ಮ ಕತ್ತಿಯನ್ನು ಮಣೆಯ ಮೇಲಿಟ್ಟಳು.

"ನಾನು ಕೊಡಲ್ಲ ಸ್ವಾಮಿ."

ದುಪ್ಪಟ್ಟು ಕೊಡುತ್ತೇನೆಂದೆ. ನನ್ನನ್ನು ದಾಟಿ ಹಿಂದಿನವರನ್ನು ಕರೆದಳು. ಸಿಟ್ಟು ಬಂದು ಪಕ್ಕದವಳ ಹತ್ತಿರ ಹೋದೆ, ಅವಳು ತಲೆಯಾಡಿಸಿದಳು. ಅವಳ ಪಕ್ಕದವನೂ ಅಷ್ಟೆ. ಉಚ್ಚಂಗಮ್ಮ ಬೇಡವೆಂದ ಮೇಲೆ ಆ ಸಾಲಿನಲ್ಲಿ ಒಂದು ಸಿಗಡಿಯೂ ಸಿಗುವುದಿಲ್ಲ ಎಂದು ಅವನೇ ಹೇಳಿದ. ವಾಪಸ್ಸು ಬಂದು ಆಕೆಯ ಮುಂದೆ ಕೂಗಾಡಿದೆ. ಮಗು ಹನ್ನೆರಡು ದಿನದಿಂದ ಉಪವಾಸ, ನಾಳೆ ನಾಡಿದ್ದರಲ್ಲಿ ಆಸ್ಪತ್ರೆಗೆ ಸೇರಿಸಬೇಕು, ಗಟ್ಟಿ ಜೀವದವಳು ನೀನು, ನಿನಗೇನು ಗೊತ್ತು, ದಿನಾ ಮೂರು ಹೊತ್ತು ಮೀನು ತಿಂದುಕೊಂಡು ಕೂತಿರುತ್ತೀಯ ಎಂದುಬಿಟ್ಟೆ.

"ನಾನೂ ನಿಮ್ಮ ಹಾಗೇ," ಎಂದಳು. "ಹತ್ತೊಂಬತ್ತು ವರ್ಷ ಆಯ್ತು, ತಿನ್ನಲ್ಲ."

ನಾನು ನಕ್ಕಿದ್ದು ಆಗಲೇ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ಮೀನಿನ ಮೇಲೆ ನೀರು ಚಿಮುಕಿಸುತ್ತಲೇ ಹೇಳಿದಳು. ಮಗಳು ಇಂಪನಾ ಎರಡು ವರ್ಷದವಳಿದ್ದಾಗ, ಒಂದು ಸಂಜೆ ಮಾರಾಟವಾಗದೆ ಉಳಿದ ಮೀನನ್ನು ಮನೆಗೆ ಒಯ್ದು, ಮಗು ಹಸಿದು ಹಟ ಮಾಡುತ್ತಿದೆ ಅಂತ ಅರೆಬೆಂದದ್ದನ್ನೇ ತಿನ್ನಿಸಿದ್ದಳಂತೆ. ಮೂರು ದಿನ ವಾಂತಿ ಭೇದಿ, ಮಗು ಕಣ್ಣು ಮೇಲೆ ಮಾಡಿತ್ತಂತೆ. ತಮ್ಮ ಬೀದಿಯ ಅಂತರಘಟ್ಟಮ್ಮನ ಗುಡಿಗೆ ಓಡಿ, ಮಗು ಉಳಿದರೆ ಇನ್ನು ನನ್ನ ತುಟಿಗೆ ಮೀನು ತಾಗುವುದಿಲ್ಲ ತಾಯೀ ಎಂದು ಹರಕೆ ಹೊತ್ತಳು. ಮಗು ಉಳಿಯಿತು. ಆ ಇಂಪನಾ ಈಗ ಆರು ತಿಂಗಳ ಬಸುರಿ, ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಹರಕೆಯನ್ನು ಈಗಂತೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೇನೆ ಎಂದಳು.

ನಾನು ಮೀನು ತಿನ್ನದಿರುವುದರಲ್ಲಿ ಏನು ದೊಡ್ಡಸ್ತಿಕೆ ಇದೆ? ಬೇಕು ಅಂತ ಒಂದು ದಿನವೂ ಅನ್ನಿಸಿಲ್ಲ. ಈಕೆ ಹುಟ್ಟಿದ್ದೇ ಅದರ ರುಚಿಯಲ್ಲಿ, ದಿನವಿಡೀ ಅದರ ನಡುವೆ ಕೂತು, ಸಂಜೆ ಮಗಳಿಗೂ ಮನೆಯವರಿಗೂ ಅದನ್ನೇ ಬೇಯಿಸಿಟ್ಟು, ತಾನು ಸೊಪ್ಪಿನ ಸಾರು ಉಣ್ಣುತ್ತಾಳೆ.

ಅಷ್ಟರಲ್ಲಿ ಉಚ್ಚಂಗಮ್ಮ ಒಂದು ಕಾಟ್ಲಾ ಮೀನನ್ನು ಚೀಲಕ್ಕೆ ಹಾಕಿ, ಕತ್ತಿ ಒರೆಸಿ ಎದ್ದು ನಿಂತಿದ್ದಳು. ಆ ಮಗುವನ್ನು ತೋರಿಸಿ, ನಾನೇ ಬರ್ತೀನಿ ಎಂದಳು. ಮೀನಿನ ಚೀಲದ ಸಮೇತ ಮೀನಿನ ಅಮ್ಮನನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ಗುರುತಿನವರು ಕಂಡರೆ ಗತಿಯೇನು ಎಂಬ ಯೋಚನೆ ಮಾಚೇನಹಳ್ಳಿಯವರೆಗೂ ಕಾಡಿತು. ಆಮೇಲೆ, ಹಾಳಾಗಿಹೋಗಲಿ ಎಂದುಕೊಂಡೆ.

ರವೀಂದ್ರನಗರದ ಆ ಅಡುಗೆಮನೆಯಲ್ಲಿ ಉಚ್ಚಂಗಮ್ಮ ಮೊದಲಿಗೆ ಮಾತೇ ಆಡಲಿಲ್ಲ. ಅವರ ಭಾಷೆ ಆಕೆಗೆ ಬಾರದು, ಆಕೆಯದು ಅವರಿಗೆ ಬಾರದು. ನನ್ನ ಇಂಗ್ಲಿಷಿಗೂ ಆಗಿನ್ನೂ ಕೆಲಸ ಬಿದ್ದಿರಲಿಲ್ಲ. ಮೀನನ್ನು ಕೊಯ್ದು, ಬೆನ್ನಿನ ಮಾಂಸದಿಂದ ವೀಳ್ಯದೆಲೆಯಷ್ಟು ತೆಳುವಾದ ಒಂದು ಹೋಳು ತೆಗೆದು, ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದಳು. ಕಾವಾಬೆಯನ್ನು ಕೈ ಸನ್ನೆಯಲ್ಲಿ ಕರೆದಳು. ಅವನು ಬಗ್ಗಿ ನೋಡಿದ, ಏನೂ ಕಾಣಲಿಲ್ಲ. ಆಕೆ ಉಗುರಿನಿಂದ ಒಂದು ಕಡೆ ತೋರಿಸಿದಳು. ಅವನು ಜೇಬಿನಿಂದ ಯಂತ್ರದ ಬಿರುಕು ಹುಡುಕುವ ಭೂತಗನ್ನಡಿ ತೆಗೆದು ಕಣ್ಣಿಗಿಟ್ಟುಕೊಂಡ. ಬಿಳಿ ನೂಲಿನ ಚೂರಿನಂಥದ್ದೊಂದು ಆ ಮಾಂಸದಲ್ಲಿ ಸುರುಳಿ ಸುತ್ತಿತ್ತು. ಮೀನು ಬೆಳಿಗ್ಗೆ ಹಿಡಿದದ್ದು, ಕಿವಿರು ಕೆಂಪಗೆ ರಕ್ತದ ಹಾಗಿತ್ತು, ಅದಕ್ಕಿಂತ ತಾಜಾ ಸಿಗುವುದಿಲ್ಲ. ಸಿಹಿನೀರಿನ ಮೀನಿನಲ್ಲಿ ಹುಳ ಇದ್ದೇ ಇರುತ್ತದೆ, ಬೆಂದರೆ ಸಾಯುತ್ತದೆ, ಹಸಿಯಾಗಿ ಹೋದರೆ ಮಗುವಿನ ಹೊಟ್ಟೆಯಲ್ಲಿ ಮನೆ ಮಾಡುತ್ತದೆ ಎಂದು ಆಕೆ ನನಗೆ ಹೇಳಿದಳು, ನಾನು ಅವನಿಗೆ ಹೇಳಿದೆ. ಬರಿಗಣ್ಣಲ್ಲಿ ಆಕೆ ಕಂಡದ್ದನ್ನು ಕನ್ನಡಿಯಲ್ಲಿ ಕಂಡ ಆ ಎಂಜಿನಿಯರ್ ಅದನ್ನು ಮತ್ತೆ ಜೇಬಿಗಿಟ್ಟ. ಆಮೇಲೆ ಸೊಂಟದವರೆಗೆ ಬಗ್ಗಿ ಉಚ್ಚಂಗಮ್ಮನಿಗೆ ನಮಸ್ಕಾರ ಮಾಡಿದ. ಅವನ ಹೆಂಡತಿಯೂ ಬಗ್ಗಿದಳು. ಏನು ಮಾಡಬೇಕೋ ತಿಳಿಯದೆ ಉಚ್ಚಂಗಮ್ಮ ಒಲೆಯ ಕಡೆ ತಿರುಗಿದಳು.

ಮೀನನ್ನು ಹಬೆಯಲ್ಲಿ ಚೆನ್ನಾಗಿ ಬೇಯಿಸಿದಳು. ಉಪ್ಪು ಬಿಟ್ಟರೆ ಬೇರೇನೂ ಇಲ್ಲ. ಕಾವಾಬೆ ಅನ್ನಕ್ಕೆ ನಿಂಬೆಹುಳಿಯೂ ಒಂದು ಚಿಟಿಕೆ ಸಕ್ಕರೆಯೂ ಬೆರೆಸಿ ಹೆಬ್ಬೆರಳು ಗಾತ್ರದ ಉಂಡೆ ಕಟ್ಟಿದ. ತಾಯಿ ಮೀನು ಬಿಡಿಸಿ ಮುಳ್ಳು ತೆಗೆದಳು, ಮುಗಿಯಿತು ಎಂದು ತಲೆಯಾಡಿಸಿದಳು. ಉಚ್ಚಂಗಮ್ಮ ಒಪ್ಪಲಿಲ್ಲ. ಕಾಟ್ಲಾದಲ್ಲಿ ಕೂದಲಿನಂಥ ಕವೆ ಮುಳ್ಳು ಮಾಂಸದೊಳಗೇ ಅಡಗಿರುತ್ತದಂತೆ. ಒಂದೊಂದೇ ಚೂರನ್ನು ಎತ್ತಿ ಬೆರಳಲ್ಲಿ ಹೊಸಕಿ ನೋಡಿದಳು. ಮತ್ತೆ ಮತ್ತೆ ಹೊಸಕಿದಳು. ಆಕೆಯ ಹಣೆಯಲ್ಲಿ ಬೆವರು ಕಂಡಿತು.

"ಬೆರಳಿಗೆ ಗೊತ್ತಾಗ್ತಿಲ್ಲ ಸ್ವಾಮಿ," ಎಂದಳು ಮೆಲ್ಲಗೆ. "ಐಸು ಹಿಡಿದೂ ಹಿಡಿದೂ ಮರಗಟ್ಟಿದೆ. ತುಟಿಗೆ ಒತ್ತಿದ್ರೆ ಗೊತ್ತಾಗುತ್ತೆ."

ಎಳೆ ಮಕ್ಕಳಿಗೆ ತಿನ್ನಿಸುವಾಗ ಅವರ ಕಡೆಯ ತಾಯಂದಿರು ಹಾಗೇ ಮಾಡುತ್ತಾರಂತೆ. ಬೆರಳಿಗೆ ಸಿಗದ ಮುಳ್ಳು ತುಟಿಗೆ ಸಿಗುತ್ತದೆ. ಹಾಗೆಂದು ಆಕೆ ನನ್ನ ಮುಖ ನೋಡಿದಳು. ನನ್ನ ತುಟಿಯೂ ತುಟಿಯೇ. ನಾನು ಗೋಡೆ ನೋಡಿದೆ. ಆ ಮಗುವಿನ ತಾಯಿಗಾದರೂ ಕೊಡು ಎನ್ನಬಹುದಿತ್ತು, ಅದನ್ನೂ ಅನ್ನಲಿಲ್ಲ. ಹೇಳಿದ್ದರೂ ಆಕೆ ಕೇಳುತ್ತಿರಲಿಲ್ಲ, ಆಕೆ ತಂದ ಮೀನು, ಆಕೆಯೇ ನೋಡಬೇಕು.

ತಿರುಗಿ ನೋಡುವಷ್ಟರಲ್ಲಿ ಉಚ್ಚಂಗಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಮೊದಲ ಚೂರನ್ನು ಎತ್ತಿ ಕೆಳದುಟಿಗೆ ಒತ್ತಿದಳು. ಹತ್ತೊಂಬತ್ತು ವರ್ಷ! ಎರಡನೆಯದು. ಮೂರನೆಯದು. ಐದನೆಯದಕ್ಕೆ ತುಟಿ ತಡೆಯಿತು. ಬೆರಳು ಹಾಕಿ ಎಳೆದು ತೆಗೆದಳು, ಎರಡು ಕವಲಿನ ಒಂದು ಮುಳ್ಳು, ರೆಪ್ಪೆಯ ಕೂದಲಿಗಿಂತ ದಪ್ಪವಿಲ್ಲ. ತಾಯಿ ಅದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

ಚಿಯೊ ಬಾಗಿಲ ಹತ್ತಿರ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಅಪ್ಪ ಉಂಡೆಯ ಮೇಲೆ ಮೀನಿನ ಚೂರನ್ನಿಟ್ಟ. ಉಚ್ಚಂಗಮ್ಮ ಅಂಗೈಯಲ್ಲಿ ಅದನ್ನಿಟ್ಟುಕೊಂಡು ನೆಲಕ್ಕೆ ಕೂತಳು, ಕರೆಯಲೂ ಇಲ್ಲ, ಪುಸಲಾಯಿಸಲೂ ಇಲ್ಲ. ಮಗು ಹತ್ತಿರ ಬಂತು. ಉಂಡೆ ಎತ್ತಿಕೊಂಡಿತು. ಆಕೆ ಮಾಡಿದ ಹಾಗೇ ಕಣ್ಣು ಮುಚ್ಚಿ, ಅದನ್ನು ಕೆಳದುಟಿಗೆ ಒತ್ತಿ ನೋಡಿತು. ಆಮೇಲೆ ಬಾಯಿಗೆ ಹಾಕಿಕೊಂಡಿತು. ಏಳು ಉಂಡೆ ತಿಂದಿತು. ಪ್ರತಿಯೊಂದನ್ನೂ ತುಟಿಗೆ ಒತ್ತಿಯೇ ತಿಂದಿತು.

ವಾಪಸ್ಸು ಭದ್ರಾವತಿಗೆ ಬರುವಾಗ ಆಕೆ ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಲೇ ಇದ್ದಳು. ಮಗಳಿಗೆ ಏನಾದರೂ ಆದರೆ ಎಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಮನೆಯ ಬೀದಿಯಲ್ಲಿ ಅಂತರಘಟ್ಟಮ್ಮನ ಗುಡಿ ಬಂದಾಗ ನಿಲ್ಲಿಸಿ ಎಂದಳು. ಒಳಗೆ ಹೋಗಿ ಒಂದೆರಡು ನಿಮಿಷ ನಿಂತು ಬಂದಳು. ತಪ್ಪಾಯ್ತು ಅಂತ ಹೇಳಿದೆಯಾ ಅಮ್ಮ, ಎಂದು ಕೇಳಿದೆ.

"ಏನೂ ಹೇಳ್ಲಿಲ್ಲ. ಅವಳೂ ನೋಡ್ತಾ ಇದ್ಲಲ್ಲ," ಎಂದಳು.

ಆಕೆಗಿದ್ದ ಆ ಧೈರ್ಯ ನನಗಿರಲಿಲ್ಲ. ಮಾರನೆಯ ದಿನ ಮಾರ್ಕೆಟ್ಟಿನಲ್ಲಿ ಎಂದಿನಂತೆ ಮಗುವಿನ ವಯಸ್ಸು ಕೇಳುತ್ತ ಕೂತಿದ್ದಳು. ನನಗೆ ಮಾತ್ರ, ಆಕೆ ಮುಖ ನೋಡಿದಾಗ ನಾನು ನೋಡಿದ ಆ ಗೋಡೆ ಕಣ್ಣಿಗೆ ಕಟ್ಟಿತ್ತು. ಜಪಾನಿನವರು ಚಿಯೊಳನ್ನು ದುಂಡಗೆ ಮಾಡಿಕೊಂಡು ಊರಿಗೆ ಹೋದರು. ಮೂರು ತಿಂಗಳ ಮೇಲೆ ಇಂಪನಾ ಹೆತ್ತಳು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಆ ಸುದ್ದಿ ಬರುವವರೆಗೆ, ಲಿಂಗ ಕಟ್ಟಿದ ನಾನು ಪ್ರತಿ ಮಂಗಳವಾರ ಕಾರ್ಖಾನೆಗೆ ಹೋಗುವ ಮುಂಚೆ ಭದ್ರಾವತಿಗೆ ಹೋಗಿ ಆ ಗುಡಿಯಲ್ಲಿ ಒಂದು ಕಾಯಿ ಒಡೆಸಿ ಬರುತ್ತಿದ್ದೆ. ಉಚ್ಚಂಗಮ್ಮನಿಗೆ ಅದನ್ನು ಇನ್ನೂ ಹೇಳಿಲ್ಲ.